ಮುನಿಸಿಕೊಂಡ ಗಾಡಿ

ಅವರ ಶಿವಗಣಾರಾಧನೆಯ ಊಟ ಮುಗಿಸಿ ಕೈ ತೊಳೆದುಕೊಂಡು ಹೊರಗೆ ಬಂದರೆ, ಅವರ ಗಾಡಿ ಕಟ್ಟೆಯ ಪಕ್ಕದಲ್ಲಿ ಎಂದಿನ ಜಾಗದಲ್ಲೇ ನಿಂತಿತ್ತು. ಬಂದವರ ಚಪ್ಪಲಿಗಳೆಲ್ಲ ಅದರ ಸುತ್ತ ಬಿದ್ದಿದ್ದವು. ಯಾರೋ ಪುಣ್ಯಾತ್ಮರು ಹ್ಯಾಂಡಲ್ ಮೇಲೆ ಒದ್ದೆ ಟವೆಲ್ ಒಣಹಾಕಿದ್ದರು. ಅವರಿದ್ದಿದ್ದರೆ ಆ ಟವೆಲ್ಲಿನ ಯಜಮಾನನ ಜನ್ಮ ಜಾಲಾಡುತ್ತಿದ್ದರು. ನಾನು ಅದನ್ನು ತೆಗೆದು ಬೇರೆ ಕಡೆ ಹಾಕಿ ಅಲ್ಲೇ ಕಟ್ಟೆಯ ಮೇಲೆ ಕೂತೆ. ಮೊಣಕಾಲು ನೋಯುತ್ತಿತ್ತು. ಇಪ್ಪತ್ತೆರಡು ವರ್ಷ ಕಿಕ್ ಹೊಡೆದ ಕಾಲು ಅದು, ಈಗ ಮೆಟ್ಟಿಲು ಹತ್ತಲೂ ತಕರಾರು ಮಾಡುತ್ತದೆ.

ಎರಡು ವರ್ಷದಿಂದ ಆ ಗಾಡಿ ಓಡಿಲ್ಲ. ಓಡದ ಹಾಗೆ ಮಾಡಿದವಳು ನಾನು. ಅದು ನನಗೆ ಗೊತ್ತು, ಅವರ ಹೆಂಡತಿಗೆ ಗೊತ್ತು. ಮೂರನೆಯವರಿಗೆ ಗೊತ್ತಿಲ್ಲ ಎಂದೇ ಇಷ್ಟು ದಿನ ನಂಬಿಕೊಂಡಿದ್ದೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸೇರುತ್ತಿರಲಿಲ್ಲ. ನಿವೃತ್ತಿಯ ದಿನ ಕಾರ್ಖಾನೆಯವರು ಕೊಟ್ಟ ಸನ್ಮಾನಪತ್ರದಲ್ಲಿ ತಮ್ಮ ಹೆಸರು ಮೂರು ಸಲ ಬಂದಿದೆ ಎಂದು ಅದನ್ನು ಗೋಡೆಗೆ ಹಾಕದೆ ಟ್ರಂಕಿನ ತಳಕ್ಕೆ ಸೇರಿಸಿದ ಮನುಷ್ಯ. ನಾನು ಅಣ್ಣಾರೆ ಅನ್ನುತ್ತಿದ್ದೆ. ಅವರು ನನ್ನನ್ನು ತಂಗೆಮ್ಮ ಅನ್ನುತ್ತಿದ್ದರು. ಅಷ್ಟು ಸಾಕು.

ಕರೂರು ಕೈಗಾರಿಕಾ ಪ್ರದೇಶದಲ್ಲಿ ಅಕ್ಕಿ ಗಿರಣಿಗಳಿಗೆ ಬಿಡಿಭಾಗ ಮಾಡುವ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಅವರು ಫಿಟ್ಟರ್. ನನ್ನ ಯಜಮಾನರು ಅಲ್ಲೇ ಲೇಥ್ ಮೇಲೆ ಕೆಲಸ ಮಾಡುತ್ತಿದ್ದರು. ಎರಡೂ ಮನೆ ಹರಿಹರದಲ್ಲಿ. ಒಂದು ದಿನ ಎದೆನೋವು ಅಂತ ಮಲಗಿದ ಯಜಮಾನರು ಏಳಲಿಲ್ಲ. ಮಾಲೀಕರು ನನ್ನನ್ನು ಆಫೀಸಿನಲ್ಲಿ ಮಾಲು ಕಳಿಸುವ ಪುಸ್ತಕ ಬರೆಯುವುದಕ್ಕೆ ಹಾಕಿಕೊಂಡರು. ಆಗ ನನಗೆ ಮೂವತ್ತನಾಲ್ಕು ವರ್ಷ. ಹರಿಹರದಿಂದ ದಾವಣಗೆರೆಗೆ ಒಂದು ಬಸ್ಸು, ಅಲ್ಲಿಂದ ಕರೂರಿಗೆ ಸಿಕ್ಕಿದ ಆಟೊ. ದಿನಾ ತಡ. ಸೂಪರ್‌ವೈಸರ್ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ, ಗೋಡೆ ಗಡಿಯಾರ ನೋಡಿ ನನ್ನ ಮುಖ ನೋಡುತ್ತಿದ್ದ. ಅದು ಬೈಗುಳಕ್ಕಿಂತ ಕಷ್ಟ.

ಯಜಮಾನರ ಗಾಡಿ ಎಂಟು ತಿಂಗಳಿಂದ ಅಂಗಳದಲ್ಲಿ ಗೋಣಿತಾಟು ಹೊದ್ದು ನಿಂತಿತ್ತು. ನನ್ನ ಒಡಹುಟ್ಟಿದ ಅಣ್ಣ ಗಿರಾಕಿಯನ್ನೂ ನೋಡಿ ಇಟ್ಟಿದ್ದ. ಒಂದು ಭಾನುವಾರ ಬೆಳಿಗ್ಗೆ ಫಿಟ್ಟರ್ ಅಣ್ಣಾರು ಬಂದರು. ತಾಟು ಸರಿಸಿದರು, ಕುಕ್ಕರುಗಾಲಲ್ಲಿ ಕೂತು ಇಂಜಿನ್ ಮೇಲೆ ಅಂಗೈ ಇಟ್ಟರು, ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದರು. ಓಡಲ್ಲ ಅಣ್ಣಾರೆ, ಕೆಟ್ಟು ಹೋಗಿದೆ ಎಂದು ನಾನು ಹೇಳಲು ಹೊರಟರೆ, ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಗೇಟಿನ ಹೊರಗೆ ಬೇವಿನ ಮರದ ತನಕ ಕರೆದುಕೊಂಡು ಹೋದರು. ಅಲ್ಲಿ ನಿಂತು ಮೆಲ್ಲಗೆ ಹೇಳಿದರು, "ಅದು ಕೆಟ್ಟಿಲ್ಲ ತಂಗೆಮ್ಮ. ಮುನಿಸ್ಕೊಂಡೈತೆ. ಅದರ ಮುಂದ ಹಂಗೆಲ್ಲ ಅನ್ನಬ್ಯಾಡ."

ನನಗೆ ಯಜಮಾನರು ಹೋದ ಮೇಲೆ ಮೊದಲ ಸಲ ನಗು ಬಂದದ್ದು ಆವತ್ತು. ಅವರು ನಗಲಿಲ್ಲ. ಅವರ ಲೆಕ್ಕದಲ್ಲಿ ಗಾಡಿ ಕೆಡುವುದು ಜನ್ಮಕ್ಕೆ ಒಂದೋ ಎರಡೋ ಸಲ. ಉಳಿದದ್ದೆಲ್ಲ ಮುನಿಸು. ಯಾರೋ ಸರಿಯಾಗಿ ನೋಡಿಕೊಂಡಿಲ್ಲ, ಅದಕ್ಕೆ ಬೇಜಾರಾಗಿದೆ, ಅಷ್ಟೇ. ಗಾಡಿಯ ದೂರನ್ನು ಗಾಡಿಯ ಎದುರು ಹೇಳಿದರೆ ಮುನಿಸು ಹೆಚ್ಚಾಗುತ್ತದೆ. ಕಾರ್ಖಾನೆಯಲ್ಲಿ ಯಾರಾದರೂ ಸ್ಟ್ಯಾಂಡಿನಲ್ಲಿ ನಿಂತು ಈ ಗಾಡಿ ಮಾರಿ ಬೇರೆ ತಗೋಬೇಕು ಅಂದರೆ ಸಾಕು, ಇವರು ತೋಳು ಹಿಡಿದು ನೀರಿನ ಟ್ಯಾಂಕಿನ ಹಿಂದಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಆದರೆ ಎಲ್ಲರೂ ಹೋಗುತ್ತಿದ್ದರು ಕೂಡ.

ಗಿರಾಕಿ ವಾಪಸು ಹೋದ. ಇವರು ನಾಲ್ಕು ಭಾನುವಾರ ಹೊಳೆ ದಂಡೆಯ ಬಯಲಿನಲ್ಲಿ ನನಗೆ ಗಾಡಿ ಕಲಿಸಿದರು. ಹೆಂಡತಿಯನ್ನೂ ಕರೆದುಕೊಂಡು ಬಂದು ಒಂದು ಕಲ್ಲಿನ ಮೇಲೆ ಕೂರಿಸಿರುತ್ತಿದ್ದರು, ಯಾರೂ ಏನೂ ಅನ್ನಬಾರದು ಅಂತ. ಅಂದವರು ಅಂದರು. ಸೀರೆ ಬಿಟ್ಟು ಚೂಡಿದಾರ ಹಾಕಿದ ಮೊದಲ ದಿನ ನಮ್ಮ ಓಣಿಯ ಅಷ್ಟೂ ಬಾಗಿಲಲ್ಲಿ ಜನ ಇದ್ದರು. ಗಂಡ ಸತ್ತು ವರ್ಷ ಆಗಿಲ್ಲ, ಗಂಡಸರ ಗಾಡಿ ಬೇರೆ. ನಾನು ಅಳುತ್ತಾ ಹೇಳಿದರೆ ಅವರು ಚೈನಿಗೆ ಎಣ್ಣೆ ಬಿಡುತ್ತಾ ತಲೆ ಎತ್ತದೆ, "ನೋಡೋರು ನೋಡ್ಲಿ. ನೀ ರಸ್ತೆ ನೋಡು," ಅಂದರು. ಅವರ ಸಮಾಧಾನ ಯಾವತ್ತೂ ಅಷ್ಟೇ ಉದ್ದ.

ಕಿಕ್ ಹೊಡೆಯುವುದು ಒದೆಯುವುದಲ್ಲ ಅನ್ನುತ್ತಿದ್ದರು. ಮೊದಲು ಮೆಲ್ಲಗೆ ಒತ್ತಿ ನೋಡಬೇಕು, ಒಂದು ಕಡೆ ಅದು ಕಾಲನ್ನು ತಡೆಯುತ್ತದೆ, ಅಲ್ಲಿ ನಿಲ್ಲಬೇಕು, ಆಮೇಲೆ ಮೈಭಾರ ಬಿಡಬೇಕು. ಆ ತಡೆ ಕಾಲಿಗೆ ಗೊತ್ತಾಗಲು ನನಗೆ ಎರಡು ವಾರ ಬೇಕಾಯಿತು. ಗೊತ್ತಾದ ದಿನ ಗಾಡಿ ಒಂದೇ ಮೆಟ್ಟಿಗೆ ಹತ್ತಿಕೊಂಡಿತು. ಆ ಸದ್ದು, ಸೀಟಿನಲ್ಲಿ ಆ ಸಣ್ಣ ನಡುಕ, ಬೆಳಗಿನ ಪೆಟ್ರೋಲ್ ವಾಸನೆ. ಈಗ ಕಾರ್ಖಾನೆಗೆ ಬರುವ ಹುಡುಗಿಯರು ಗುಂಡಿ ಒತ್ತಿ ಸದ್ದಿಲ್ಲದೆ ಬ್ಯಾಟರಿ ಗಾಡಿಯಲ್ಲಿ ಹೋಗುತ್ತಾರೆ. ಅವರ ಮೊಣಕಾಲಾದರೂ ಉಳಿಯಲಿ.

ಓಡಿಸಲು ಬಂದರೂ ಅವರು ಕೀಲಿಕೈ ಕೊಡಲಿಲ್ಲ. ಕಾರ್ಬೊರೇಟರ್ ಬಿಚ್ಚಿ, ತೊಳೆದು, ಮುಚ್ಚಿದ ಮೇಲೇ ಕೊಟ್ಟದ್ದು. ಅದರೊಳಗೆ ಪೆಟ್ರೋಲು ಹಾಯುವ ಜೆಟ್ ಅಂತ ಒಂದು ಹಿತ್ತಾಳೆಯ ಚೂರು ಇರುತ್ತದೆ, ಬೆರಳ ತುದಿಯಲ್ಲಿ ನಿಲ್ಲುವಷ್ಟು ಸಣ್ಣದು. ನಡುವೆ ಕೂದಲು ತೂರುವಷ್ಟು ತೂತು. ಅದರಲ್ಲಿ ಕಸ ಕೂತರೆ ಗಾಡಿ ನಿಂತಿತು. ಎಲ್ಲರೂ ಪಿನ್ನು ಹಾಕಿ ಚುಚ್ಚುತ್ತಾರೆ, ಹಾಗೆ ಮಾಡಿದರೆ ತೂತು ದೊಡ್ಡದಾಗಿ ಗಾಡಿ ಜನ್ಮಪೂರ್ತಿ ಪೆಟ್ರೋಲ್ ಕುಡಿಯುತ್ತದೆ. ಬಾಯಲ್ಲಿ ಊದಬೇಕು, ಅಷ್ಟೇ. ನಾನು ಊದಿ ಊದಿ ತುಟಿಯೆಲ್ಲ ಪೆಟ್ರೋಲ್ ಆಗಿ, ರಾತ್ರಿ ಅನ್ನವೂ ಅದೇ ರುಚಿ ಬಂತು.

ಇನ್ನೊಂದು ಪಾಠ, ಬಿಚ್ಚಿದ್ದನ್ನು ಮುಚ್ಚದೆ ಮೇಲೇಳಬಾರದು. ಚಹಾ ಬಂದರೂ ಇಲ್ಲ, ಮಳೆ ಬಂದರೂ ಇಲ್ಲ. ಅವರ ದೊಡ್ಡ ಮಗಳಿಗೆ ಹೆರಿಗೆಯಾದ ಸುದ್ದಿ ಕಾರ್ಖಾನೆಗೆ ಬಂದಾಗ ಅವರು ಒಂದು ಯಂತ್ರದ ಹೊಟ್ಟೆ ಬಗೆದುಕೊಂಡು ಕೂತಿದ್ದರು. ಸುದ್ದಿ ಕೇಳಿ ತಲೆಯಾಡಿಸಿದರು. ಅರ್ಧ ಗಂಟೆ ಕೂತು ಒಂದೊಂದೇ ಬೋಲ್ಟ್ ಬಿಗಿದು, ಎಣ್ಣೆ ಒರೆಸಿ, ಕೈ ತೊಳೆದು, ಆಮೇಲೆ ಗೋಡೆಗೆ ಮುಖ ಮಾಡಿ ಅತ್ತರು. ಮೊಮ್ಮಗಳನ್ನು ಅರ್ಧ ಗಂಟೆ ಕಾಯಿಸಿದ ಮನುಷ್ಯ ಎಂದು ಹೆಂಡತಿ ಅದನ್ನು ಹದಿನೈದು ವರ್ಷ ಆಡಿ ತೋರಿಸಿದರು.

ಹಾಗಂತ ಅವರು ದೇವರಂಥವರು ಅಂತ ನಾನು ಹೇಳುವುದಿಲ್ಲ. ಮುಂಗೋಪಿ. ತಮ್ಮ ಗಾಡಿಯನ್ನು ಯಾರಿಗೂ ಕೊಟ್ಟವರಲ್ಲ. ಅಳಿಯ ಕೇಳಿ, ಇಲ್ಲವೆನಿಸಿಕೊಂಡು, ಎರಡು ಹಬ್ಬಕ್ಕೆ ಬರಲಿಲ್ಲ. ಅಳಿಯನ ಮುನಿಸು ಹೋಳಿಗೆ ಊಟಕ್ಕೆ ಇಳಿಯುತ್ತೆ, ಇದರದ್ದು ಇಳಿಯಲ್ಲ ಎಂದರಂತೆ. ಒಮ್ಮೆ ಕುಕ್ಕುವಾಡದಲ್ಲಿ ನಮ್ಮ ಕಾರ್ಖಾನೆಯವರೊಬ್ಬರ ಗೃಹಪ್ರವೇಶಕ್ಕೆ ಹೋಗಿ ಬರುವಾಗ ಮಳೆ ಹಿಡಿಯಿತು. ಹುಣಸೆಮರದ ಕೆಳಗೆ ನಿಂತೆವು. ಇವರು ತೊಟ್ಟಿದ್ದ ರೇನ್‌ಕೋಟ್ ಬಿಚ್ಚಿ ಗಾಡಿಯ ಸೀಟಿಗೆ ಹೊದಿಸಿ, ತಾವು ತೊಪ್ಪೆಯಾಗಿ ನಿಂತರು. ನಾನು ಬೈದೆ. ನಾ ಒಣಗ್ತೀನಿ, ಸೀಟಿನ ಸ್ಪಂಜು ಒಣಗಲ್ಲ ಅಂದರು. ಮೂರು ದಿನ ಜ್ವರ ಬಂದು ಮಲಗಿದರು. ಸೀಟು ಮಾತ್ರ ಚೆನ್ನಾಗಿತ್ತು.

ಅವರು ನಿವೃತ್ತರಾಗುವ ತನಕ ನಾವಿಬ್ಬರೂ ಒಂದರ ಹಿಂದೆ ಒಂದು ಗಾಡಿಯಲ್ಲಿ ಹೋಗಿ ಬಂದೆವು. ಚಳಿಗಾಲದಲ್ಲಿ ಅವರು ಅಂಗಿಯೊಳಗೆ ಎದೆಗೆ ಹಿಂದಿನ ದಿನದ ಪೇಪರ್ ಇಟ್ಟುಕೊಳ್ಳುತ್ತಿದ್ದರು, ನನಗೂ ಒಂದು ಹಾಳೆ ತಂದಿರುತ್ತಿದ್ದರು. ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ಮುಂದಿದ್ದರೆ ಹಿಂದೆ ಹಾಕುತ್ತಿರಲಿಲ್ಲ, ಆ ವಾಸನೆ ಚಲೋ ಇರುತ್ತದೆ ಅಂತ. ದಾವಣಗೆರೆ ಹತ್ತಿರವಾದಂತೆ ಮಂಡಕ್ಕಿ ಭಟ್ಟಿಯ ಹೊಗೆ ಕಣ್ಣಿಗೆ ಬೀಳುತ್ತಿತ್ತು. ಪೆಟ್ರೋಲ್ ಮುಗಿದು ಗಾಡಿ ಮುಗ್ಗರಿಸಿದರೆ, ರಸ್ತೆಯಿಂದ ಕಣ್ಣು ತೆಗೆಯದೆ ಎಡಗೈ ಕೆಳಗೆ ಹೋಗಿ ರಿಸರ್ವ್ ತಿರುಗಿಸಿ ಬರುತ್ತಿತ್ತು. ಅಷ್ಟಕ್ಕೇ ಅವರ ಮುಖ ಒಂದು ಗಳಿಗೆ ಅರಳುತ್ತಿತ್ತು. ಗಳಿಕೆ ಅಂದರೆ ಅವರಿಗೆ ಇಂಥವೇ.

ನಿವೃತ್ತಿಯಾಗಿ ಏಳೆಂಟು ವರ್ಷದ ಮೇಲೆ ಕಣ್ಣು ಕೈಕೊಟ್ಟಿತು. ಕಣ್ಣೊಳಗಿನ ಒತ್ತಡ ಏರಿ ಪಕ್ಕದ ನೋಟ ಹೋಗುವ ಕಾಯಿಲೆ. ನೇರ ಮುಂದೆ ಕಾಣುತ್ತದೆ, ಎರಡೂ ಬದಿಗೆ ಗೋಡೆ ಎಬ್ಬಿಸಿದ ಹಾಗೆ ಕತ್ತಲೆ. ಗಾಡಿ ಮುಟ್ಟಬಾರದು ಅಂದರು ಡಾಕ್ಟರ್. ರಸ್ತೆ ಇರುವುದು ಮುಂದೆ, ಪಕ್ಕದಲ್ಲಿ ನನಗೇನು ಕೆಲಸ ಎಂದು ಇವರ ವಾದ. ಒಂದು ಸಂತೆಯ ದಿನ ಹರಿಹರದ ಮಾರ್ಕೆಟ್ಟಿನಲ್ಲಿ ಕೂಸು ಎತ್ತಿಕೊಂಡಿದ್ದ ಒಬ್ಬ ಹೆಣ್ಣುಮಗಳಿಗೆ ಇವರ ಹ್ಯಾಂಡಲ್ ತಗುಲಿತು. ಅವಳು ಬಿದ್ದಳು, ಬಳೆ ಒಡೆದು ಕೈ ಕೊಯ್ದುಕೊಂಡಿತು. ದೇವರ ದಯೆ, ಕೂಸಿಗೆ ಏನೂ ಆಗಲಿಲ್ಲ. ಇವರಿಗೆ ತಗುಲಿದ್ದೇ ಗೊತ್ತಿಲ್ಲ, ಮುಂದೆ ಹೋಗುತ್ತಿದ್ದವರನ್ನು ಜನ ಓಡಿ ಹಿಡಿದು ನಿಲ್ಲಿಸಿದರು. ಮನೆಗೆ ಬಂದು ಗಾಡಿ ತೊಳೆಯುತ್ತಾ ಕೂತರಂತೆ. ಮರುದಿನ ಮತ್ತೆ ಹೊರಟರಂತೆ.

ಅತ್ತಿಗೆ, ಅಂದರೆ ಅವರ ಹೆಂಡತಿ, ನನ್ನ ಮನೆಗೆ ಬಂದದ್ದು ಆವತ್ತು ಸಂಜೆ. ಬಂದು ಕೂತು ಬಹಳ ಹೊತ್ತು ಸೆರಗಿನ ಅಂಚು ತಿರುವಿದರು.

"ನಾ ಹೇಳಿದ್ರೆ ಕೇಳಲ್ಲ, ಹೆಣ್ಮಕ್ಕಳು ಹೇಳಿದ್ರೆ ಕೇಳಲ್ಲ. ಮಾರ್ತೀನಿ ಅಂದ್ರೆ ಊಟ ಬಿಡ್ತಾರೆ. ನಿನ್ನೆ ಆ ಕೂಸು ಉಳಕಂತು, ನಾಳೆ ಯಾರ ಮನಿ ಕೂಸೋ. ಗಾಡಿನೇ ಓಡದಂಗಾದ್ರೆ ಏನ್ ಮಾಡ್ತಾರೆ? ಅದರ ಹೊಟ್ಟ್ಯಾಗ ಏನೈತೆ ಅಂತ ನಿನಗೆ ಗೊತ್ತೈತಲ್ಲ ತಂಗಿ."

ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಆ ಕೂಸಿನ ವಿಷಯ ಕೇಳಿದ ಮೇಲೆ ಯಾರಿಗೂ ಬರುವುದಿಲ್ಲ.

ಹೆಣ್ಣುಮಕ್ಕಳು ಬಂದಿದ್ದಾಗ ಎಲ್ಲರೂ ಬಸ್ಸಿನಲ್ಲಿ ನಂದಿಗುಡಿ ಮಠಕ್ಕೆ ಹೋದರು. ಅತ್ತಿಗೆ ಬೀಗದ ಕೈ ನನ್ನ ಕೈಯಲ್ಲಿ ಕೊಟ್ಟು ಹೋಗಿದ್ದರು. ನಾನು ಗೇಟು ಹಾಕಿಕೊಂಡು ಗಾಡಿಯ ಪಕ್ಕ ಕೂತೆ. ನಾಲ್ಕು ಸ್ಕ್ರೂ. ಅವರೇ ಕಲಿಸಿದ ಕೈ, ಅವರೇ ಕೊಟ್ಟ ಸ್ಕ್ರೂಡ್ರೈವರ್. ಜೆಟ್ ತೆಗೆದು, ನನ್ನ ಯಜಮಾನರ ಹಳೇ ಸುಣ್ಣದ ಡಬ್ಬಿಯಲ್ಲಿ ಹಾಕಿ, ನಾಲ್ಕೂ ಸ್ಕ್ರೂ ಬಿಗಿದು ಎದ್ದೆ. ಬಿಚ್ಚಿದ್ದನ್ನು ಮುಚ್ಚಬೇಕೆಂಬ ಪಾಠ ಅರ್ಧ ಮಾತ್ರ ಪಾಲಿಸಿದೆ. ಮನೆಗೆ ಹೋಗಿ ಎಷ್ಟು ಸಲ ಕೈ ತೊಳೆದರೂ ಪೆಟ್ರೋಲ್ ವಾಸನೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆಯೇ ಫೋನ್ ಬಂತು. ಸಂಜೆ ಹೋದರೆ ಅವರು ಬನಿಯನ್ನಿನಲ್ಲಿ ಬೆವರಿ ನಿಂತಿದ್ದರು, ಕಿಕ್ ಹೊಡೆದು ಹೊಡೆದು ಸುಸ್ತಾಗಿದ್ದರು. ಸಣ್ಣ ಸಾಮಾನು ನನ್ನ ಕಣ್ಣಿಗೆ ಕಾಣಲ್ಲ, ನೀನು ನೋಡು ಅಂದರು. ನಾನು ಬಿಚ್ಚಿದ ಹಾಗೆ ಮಾಡಿದೆ, ನೋಡಿದ ಹಾಗೆ ಮಾಡಿದೆ. ನಾನು ಎದ್ದು ನಿಂತಾಗ ಅವರು ಕೇಳಿದರು, "ಕೆಟ್ಟೈತೋ, ಮುನಿಸ್ಕೊಂಡೈತೋ?"

"ಕೆಟ್ಟೈತ್ರಿ ಅಣ್ಣಾರೆ. ಕಾರ್ಬೊರೇಟರ್ ಹೋಗೈತೆ. ಈ ಮಾಡಲ್ಲಿಂದು ಈಗ ಎಲ್ಲೂ ಸಿಗಲ್ಲ."

ಪಕ್ಕದ ನೋಟ ಇಲ್ಲದ್ದರಿಂದ ಅವರು ಯಾರನ್ನಾದರೂ ನೋಡಬೇಕಾದರೆ ಇಡೀ ಮುಖ ತಿರುಗಿಸಬೇಕಾಗಿತ್ತು. ಹಾಗೆ ತಿರುಗಿಸಿ ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

"ಅದರ ಮುಂದ ನಿಂತು ಹೇಳಿದ್ಯಲ್ಲ ತಂಗೆಮ್ಮ," ಅಂದು ಒಳಗೆ ಹೋದರು.

ಆಮೇಲೆ ಅವರು ನಡೆದೇ ಓಡಾಡಿದರು. ಗಾಡಿ ಒರೆಸುವುದು ಮಾತ್ರ ಬಿಡಲಿಲ್ಲ. ಅತ್ತಿಗೆ ನೆಮ್ಮದಿಯಾಗಿದ್ದರು, ನಾನೂ ನೆಮ್ಮದಿ ಅಂದುಕೊಂಡು ಓಡಾಡಿದೆ. ಎರಡು ಮೂರು ತಿಂಗಳಾದ ಮೇಲೆ ಒಂದು ಶನಿವಾರ ದಾವಣಗೆರೆಯ ಮಂಡಿಪೇಟೆಯ ಹತ್ತಿರ ಒಂದು ಗಲ್ಲಿಯ ಬಾಯಲ್ಲಿ ಅವರು ಕಂಡರು. ಒಬ್ಬರೇ, ಅಂಗಿಯ ಜೇಬನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡು, ರಸ್ತೆ ದಾಟಲಾಗದೆ ನಿಂತಿದ್ದರು. ಗಾಡಿ ನಿಲ್ಲಿಸಿ ಯಾಕೆ ಬಂದಿರಿ ಅಂದರೆ, ಕನ್ನಡಕ ಮಾಡಿಸಲು ಬಂದೆ ಅಂದರು. ಆ ಗಲ್ಲಿಯಲ್ಲಿ ಕನ್ನಡಕದ ಅಂಗಡಿ ಇದೆಯೋ ಇಲ್ಲವೋ ನಾನು ಯೋಚಿಸಲಿಲ್ಲ. ಬರ್ರಿ, ಹತ್ರಿ, ಮನೆಗೆ ಬಿಡ್ತೀನಿ ಅಂದೆ.

ನನ್ನ ಹಿಂದೆ ಅವರು ಕೂತದ್ದು ಅದೇ ಮೊದಲು, ಅದೇ ಕೊನೆ. ಎರಡೂ ಕೈಯಲ್ಲಿ ಹಿಂದಿನ ಕಂಬಿ ಗಟ್ಟಿ ಹಿಡಿದು ಕೂತಿದ್ದರು, ಗಾಡಿ ಹತ್ತಿ ಗೊತ್ತಿಲ್ಲದವರ ಹಾಗೆ. ಅರ್ಧ ದಾರಿಗೆ ಬಂದ ಮೇಲೆ ಕಿವಿಯ ಹತ್ತಿರ ಬಾಗಿ ಮೂರನೇ ಗೇರಿನಲ್ಲಿ ಬಹಳ ಎಳೆಯುತ್ತೀಯ, ಅದಕ್ಕೆ ಆಯಾಸ ಆಗ್ತೈತೆ ಅಂದರು. ಮನೆ ಮುಂದೆ ಇಳಿದು ನನ್ನ ಗಾಡಿಯ ಟ್ಯಾಂಕ್ ಸವರಿದರು.

"ಇದು ಮುನಿಸ್ಕೊಂಡಿಲ್ಲ. ಚಲೋ ನೋಡ್ಕೊಂಡೀ. ಯಾರ ಮ್ಯಾಲೂ ಯಾರೂ ಮುನಿಸ್ಕೊಂಡಿಲ್ಲ ಬಿಡು."

ಮುದುಕರ ಮಾತು, ಸುಮ್ಮನೆ ಏನೋ ಅಂದರು ಅಂದುಕೊಂಡೆ. ಗಾಡಿ ತಿರುಗಿಸಿಕೊಂಡು ಬಂದೆ.

ಕಳೆದ ತಿಂಗಳು ಜ್ವರ ಅಂತ ಆಸ್ಪತ್ರೆ ಸೇರಿದವರು ಎಂಟೇ ದಿನ ಇದ್ದರು. ನೋಡಲು ಹೋದಾಗ ಸುಣ್ಣದ ಡಬ್ಬಿ ನನ್ನ ಚೀಲದಲ್ಲಿತ್ತು. ಇವತ್ತು ಹೇಳಿಬಿಡಬೇಕು ಅಂತಲೇ ಹೋದದ್ದು. ಅವರು ನಿದ್ದೆಯಲ್ಲಿದ್ದರು. ಎಬ್ಬಿಸಬೇಡಿ ಅಂದಳು ನರ್ಸ್. ನಿಜ ಹೇಳಬೇಕೆಂದರೆ, ಎಬ್ಬಿಸಬೇಡಿ ಅಂದದ್ದು ನನಗೆ ಒಳ್ಳೆಯದೇ ಆಯಿತು. ಹೇಡಿ ನಾನು.

ಊಟದ ಜನವೆಲ್ಲ ಹೋದ ಮೇಲೆ ಅತ್ತಿಗೆ ಬಂದು ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತರು. ಅಳಿಯ ಗಿರಾಕಿ ನೋಡಿದ್ದಾನೆ, ನಾಳೆ ಬರುತ್ತಾನಂತೆ ಎಂದು ಶುರು ಮಾಡಿದರು. ನನಗೆ ಗೊತ್ತಿಲ್ಲದೆ ನನ್ನ ಕೈ ಅವರ ತೋಳು ಹಿಡಿದು ಗೇಟಿನ ಹೊರಗೆ ಕರೆದುಕೊಂಡು ಹೋಯಿತು. ಅಲ್ಲಿ ಹೋದ ಮೇಲೆ ಇಬ್ಬರಿಗೂ ಅರ್ಥವಾಗಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಷ್ಟು ದುಃಖದಲ್ಲೂ ನಕ್ಕೆವು. ತೆಗೆದಿಟ್ಟಿದ್ದನ್ನು ವಾಪಸು ಹಾಕಿಬಿಡು ತಂಗಿ ಅಂದರು ಅತ್ತಿಗೆ. ಅವರ ಗಾಡಿ ಅಂತ ಹೋಗುವಾಗಲಾದರೂ ಪೂರ್ತಿ ಹೋಗಲಿ.

ಅವರ ಪೆಟ್ಟಿಗೆಯಿಂದಲೇ ಸ್ಕ್ರೂಡ್ರೈವರ್ ತಂದು ಕೂತೆ. ಸ್ಕ್ರೂಗಳ ತಲೆಯೆಲ್ಲ ಗೀರಿತ್ತು, ಸ್ಕ್ರೂಡ್ರೈವರ್ ಹತ್ತಾರು ಸಲ ಜಾರಿದ ಗುರುತು. ನನ್ನ ಕೈ ಹಾಗೆ ಜಾರುವುದಿಲ್ಲ. ನಾಲ್ಕನ್ನೂ ತೆಗೆದು ಕಾರ್ಬೊರೇಟರಿನ ಬಟ್ಟಲು ಇಳಿಸಿದೆ. ಚೀಲದಲ್ಲೇ ಇದ್ದ ಸುಣ್ಣದ ಡಬ್ಬಿ ತೆರೆದು ಜೆಟ್ ಬೆರಳ ತುದಿಗೆ ತೆಗೆದುಕೊಂಡು ಒಳಗೆ ಹಿಡಿದರೆ, ಅದಕ್ಕೆ ಜಾಗವಿರಲಿಲ್ಲ.

ಅಲ್ಲಿ ಒಂದು ಜೆಟ್ ಇತ್ತು. ಹೊಸದು, ಹಿತ್ತಾಳೆಯ ಹೊಳಪು ಇನ್ನೂ ಹೋಗಿರಲಿಲ್ಲ.

ಅತ್ತಿಗೆ ಏನಾಯಿತು ಅಂದರು. ಹೇಳಿದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡರು.

"ನೀ ದಾವಣಗೇರಿಯಿಂದ ಕರ್ಕಂಬಂದ್ಯಲ್ಲ, ಚಾಳೀಸು ಮಾಡಿಸಾಕ ಹೋಗಿದ್ರು ಅಂತ. ಚಾಳೀಸು ಬರಲೇ ಇಲ್ಲ. ಮರುದಿನ ಮಧ್ಯಾಹ್ನ ಪೂರ್ತಿ ಇದರ ಮುಂದ ಕುಂತಿದ್ರು. ಒರೆಸ್ತಾರೆ ಅಂದ್ಕಂಡೆ. ಆಮ್ಯಾಲೆ ಕೀಲಿಕೈ ತಂದು ನನ್ನ ಕೈಯಾಗ ಕೊಟ್ರು. ದೇವರ ಜಗಲಿ ಮ್ಯಾಲ ಇಡು, ನಾ ಕೇಳಿದ್ರೂ ಕೊಡಬ್ಯಾಡ ಅಂದ್ರು. ಓಡದ ಗಾಡಿ ಕೀಲಿಕೈ ಯಾಕ ಇಷ್ಟು ಭದ್ರ ಅಂತ ನಗಾಡಿದ್ದೆ."

ಸಣ್ಣ ಸಾಮಾನು ಕಣ್ಣಿಗೆ ಕಾಣದ ಮನುಷ್ಯ ಬೆರಳಲ್ಲೇ ತಡವಿ, ನಾನು ಖಾಲಿ ಬಿಟ್ಟಿದ್ದ ಜಾಗ ಹುಡುಕಿದ್ದರು. ಎಲ್ಲೂ ಸಿಗಲ್ಲ ಎಂದು ನಾನು ಹೇಳಿದ್ದನ್ನು ಹೋಗಿ ಹುಡುಕಿ ತಂದಿದ್ದರು. ಆವತ್ತು ಅದು ಅವರ ಜೇಬಿನಲ್ಲಿತ್ತು, ಅವರು ನನ್ನ ಹಿಂದೆ ಕೂತಿದ್ದರು. ಯಾವ ಬೆಳಿಗ್ಗೆ ಬೇಕಾದರೂ ಒಂದೇ ಮೆಟ್ಟಿಗೆ ಹೊರಟುಬಿಡಬಹುದಿತ್ತು. ಹೊರಡಲಿಲ್ಲ. ನನ್ನ ಸುಳ್ಳು ಸುಳ್ಳೆಂದು ಗೊತ್ತಿದ್ದೂ ಎರಡು ವರ್ಷ ಅದರ ಮಾನ ಕಾಪಾಡಿದರು. ಗಾಡಿ ಅರೆಬರೆ ನಿಲ್ಲುವುದೊಂದನ್ನು ಮಾತ್ರ ಸಹಿಸಲಿಲ್ಲ.

ಮೇಲೇಳಲು ಹೋದೆ. ಆದರೆ ಗಾಡಿ ಬಿಚ್ಚಿತ್ತು. ಬಟ್ಟಲು ಒರೆಸಿ ಕೂರಿಸಿದೆ. ಒಂದೊಂದೇ ಸ್ಕ್ರೂ ಇಟ್ಟು, ಜಾರದ ಹಾಗೆ ಒತ್ತಿ ಹಿಡಿದು, ನಾಲ್ಕನ್ನೂ ಬಿಗಿದೆ. ಎಣ್ಣೆ ಒರೆಸಿದೆ. ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡೆ. ಆಮೇಲೆ ಗೋಡೆಗೆ ಮುಖ ಮಾಡಿ ಅತ್ತೆ.